ನಾಗಾರಾಧನೆ ಮತ್ತು ಜೀವದಯೆ : ದಾವಣಗೆರೆ–ಹರಿಹರ ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ದಾವಣಗೆರೆ ಮತ್ತು ಹರಿಹರ ಸೀಮೆಯ ಹಳ್ಳಿಗಳಲ್ಲಿ ಸಂಚರಿಸುವವರಿಗೆ ಊರ ಮುಂದಿನ ಅರಳಿಕಟ್ಟೆ ಪರಿಚಿತವಾದ ನೋಟ. ಅರಳಿಯ ಮಗ್ಗುಲಲ್ಲಿ ಬೇವು. ಎರಡೂ ಮರಗಳ ಬುಡದಲ್ಲಿ ಸಾಲಾಗಿ ನಿಲ್ಲಿಸಿದ ನಾಗರಕಲ್ಲುಗಳು. ಅವುಗಳಲ್ಲಿ ಕೆಲವು ಒಂದೇ ಹೆಡೆಯವು, ಕೆಲವು ಐದು ಅಥವಾ ಏಳು ಹೆಡೆಯವು, ಇನ್ನು ಕೆಲವು ಒಂದನ್ನೊಂದು ಹೆಣೆದುಕೊಂಡಿರುವ ಜೋಡಿ ಸರ್ಪಗಳು. ಸಂತಾನವನ್ನು ಬಯಸಿದ ದಂಪತಿಗಳು ಹರಕೆ ಹೊತ್ತು, ಕೆತ್ತಿಸಿದ ಕಲ್ಲನ್ನು ಕೆಲವು ಕಾಲ ನೀರಿನಲ್ಲಿರಿಸಿ, ಬಳಿಕ ಶುಭದಿನದಲ್ಲಿ ಕಟ್ಟೆಯ ಮೇಲೆ ಪ್ರತಿಷ್ಠೆ ಮಾಡಿಸುವುದು ಹಳೆಯ ಮೈಸೂರು ನಾಡಿನಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಕಲ್ಲಿನ ಮೇಲೆ ಸವೆದುಹೋದ ಗೆರೆಗಳು ಎಷ್ಟು ತಾಯಂದಿರ ಕೈಗಳು ಅರಿಸಿನ ಹಚ್ಚಿದವೆಂಬುದಕ್ಕೆ ಸಾಕ್ಷಿಯಾಗಿವೆ.

ಶ್ರಾವಣ ಶುದ್ಧ ಪಂಚಮಿ ಬಂದಿತೆಂದರೆ ಈ ಕಟ್ಟೆಗಳಿಗೆ ಜೀವ ಬರುತ್ತದೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮನೆಮನೆಯಲ್ಲಿ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು, ಅರಳು ಸಿದ್ಧವಾಗುತ್ತವೆ. ಮರದ ಕೊಂಬೆಗೆ ಜೋಕಾಲಿ ಕಟ್ಟುತ್ತಾರೆ. ಆ ದಿನ ರೈತನು ನೇಗಿಲು ಹೂಡುವುದಿಲ್ಲ, ಗುದ್ದಲಿ ಹಿಡಿದು ನೆಲ ಅಗೆಯುವುದಿಲ್ಲ. ನೆಲದೊಳಗಿರುವ ನಾಗಪ್ಪನಿಗೆ ನೋವಾದೀತೆಂಬ ಅಂಜಿಕೆ, ಅದಕ್ಕಿಂತ ಹೆಚ್ಚಾಗಿ ಮಮತೆ. ಕಲ್ಲಿಗೂ ಹುತ್ತಕ್ಕೂ ಹಾಲೆರೆದು ತಮ್ಮ ಒಡಹುಟ್ಟಿದವರ ಕ್ಷೇಮವನ್ನು ಬೇಡಿಕೊಳ್ಳುವ ಸೋದರಿಯರ ಹಬ್ಬವಿದು.

ಆದರೆ ಪಂಚಮಿ ಕಳೆದು ಎಂಟು ದಿನವಾಗುವುದರೊಳಗೆ ಅದೇ ಓಣಿಯ ಗೋದಾಮಿನಲ್ಲಿ ಚೀಲದ ನಿಟ್ಟಿನ ಹಿಂದೆ ಒಂದು ಕೇರೆಹಾವು ಕಾಣಿಸಿಕೊಂಡರೆ ನಡೆಯುವುದೇ ಬೇರೆ. ಹಮಾಲರು ಕೂಗುತ್ತಾರೆ, ದೊಣ್ಣೆಗಳು ಬರುತ್ತವೆ, ಕ್ಷಣದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಅದು ವಿಷವಿಲ್ಲದ ಜೀವಿ, ಕಾಳು ತಿನ್ನುವ ಇಲಿಯನ್ನು ಹುಡುಕಿಕೊಂಡು ಬಂದದ್ದು ಎಂಬ ವಿಚಾರ ಯಾರಿಗೂ ಹೊಳೆಯುವುದಿಲ್ಲ. ಕಲ್ಲಿನ ಹಾವಿಗೂ ಜೀವವಿರುವ ಹಾವಿಗೂ ಜನ ಮಾಡುವ ಈ ಭೇದವನ್ನು 12ನೆಯ ಶತಮಾನದಲ್ಲಿಯೇ ಬಸವಣ್ಣನವರು ತಮ್ಮ ವಚನವೊಂದರಲ್ಲಿ ಎತ್ತಿ ತೋರಿಸಿದರು. ಎಂಟು ನೂರಕ್ಕೂ ಹೆಚ್ಚು ವರ್ಷಗಳು ಸಂದರೂ ಆ ಭೇದ ಅಳಿದಿಲ್ಲ. ಹೆಡೆಯ ನೆರಳಿನಲ್ಲಿ ನಿಂತ ತೀರ್ಥಂಕರನನ್ನು ನಿತ್ಯವೂ ವಂದಿಸುವ ಸಮಾಜವು ಈ ವಿಷಯವನ್ನು ತುಸು ನಿಧಾನವಾಗಿ ಆಲೋಚಿಸುವುದು ಉಚಿತ.

ಶಿಲೆಯಲ್ಲಿ ಉಳಿದ ಇತಿಹಾಸ

ಕನ್ನಡ ನಾಡಿನ ನಾಗಾರಾಧನೆಗೆ ಬಹು ಪ್ರಾಚೀನವಾದ ಶಾಸನಾಧಾರವಿದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ಒಂದು ನಾಗಶಿಲ್ಪವಿದೆ. ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಬರೆದ ಶಾಸನವಿದೆ. ಕ್ರಿ.ಶ. ಎರಡು–ಮೂರನೆಯ ಶತಮಾನದಲ್ಲಿ ಆಳಿದ ಚುಟು ವಂಶದ ಸಾತಕರ್ಣಿಯ ಮಗಳು ನಾಗಶ್ರೀ ಈ ನಾಗಶಿಲ್ಪವನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ಮಾಡಿಸಿ ಕೊಟ್ಟಳೆಂದು ಶಾಸನ ತಿಳಿಸುತ್ತದೆ. ನಾಗನನ್ನು ಕೆತ್ತಿದ ಶಿಲ್ಪಿ ನಟಕನ ಹೆಸರೂ ಅಲ್ಲಿ ಉಳಿದಿದೆ. ರಾಜಕುಮಾರಿಯು ಕೇವಲ ಕಲ್ಲನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ. ನಾಗನೊಡನೆ ನೀರನ್ನೂ, ನೀರಿನೊಡನೆ ಧರ್ಮಸಾಧಕರಿಗೆ ನೆಲೆಯನ್ನೂ ಒದಗಿಸಿದಳು. ನಾಗಪೂಜೆಯೆಂದರೆ ಜೀವನಕ್ಕೆ ಆಧಾರವಾದುದನ್ನು ಕಾಪಾಡುವುದು ಎಂಬ ಭಾವನೆ ಆ ಕಾಲಕ್ಕೇ ಇದ್ದಿತೆಂದು ಇದರಿಂದ ಊಹಿಸಬಹುದು.

ತುಂಗಭದ್ರೆಯ ದಡದ ಹರಿಹರಕ್ಕೆ ಬಂದರೆ ಅಲ್ಲಿಯೂ ಸರ್ಪದ ಮಹಿಮೆ ಕಾಣುತ್ತದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಹರಿ ಮತ್ತು ಹರರು ಒಂದೇ ವಿಗ್ರಹದಲ್ಲಿ ಕೂಡಿದ್ದಾರೆ. ಎರಡು ಪಂಥಗಳ ಜಗಳವನ್ನು ಮರೆಸಲು ಮೂಡಿದ ಮೂರ್ತಿಯೆಂದು ಅದನ್ನು ಬಣ್ಣಿಸುವುದುಂಟು. ಆದರೆ ಹರಿಹರರ ನಡುವೆ ಮೊದಲಿನಿಂದಲೂ ಸಮಾನವಾಗಿದ್ದ ಒಂದು ಜೀವಿಯುಂಟು. ಹರನ ಕೊರಳಿಗೆ ಸರ್ಪವೇ ಹಾರ. ಹರಿಗೆ ಸರ್ಪವೇ ಹಾಸಿಗೆ.

ಇದೇ ಸೀಮೆಗೆ ಜಿನಧರ್ಮವೂ ಹೊಸದಲ್ಲ. ದಾವಣಗೆರೆಯ ಸಮೀಪದ ಬೇತೂರಿನಲ್ಲಿ 13ನೆಯ ಶತಮಾನದಲ್ಲಿ, ಸೇವುಣರ ಆಳಿಕೆಯ ಕಾಲದಲ್ಲಿ, ಕೂಚಿರಾಜನೆಂಬ ಅಧಿಕಾರಿ ಅಗಲಿದ ಪತ್ನಿ ಲಕ್ಷ್ಮಿಯ ನೆನಪಿಗಾಗಿ ಲಕ್ಷ್ಮೀಜಿನಾಲಯವನ್ನು ಕಟ್ಟಿಸಿದನೆಂಬುದು ಶಾಸನದಿಂದ ತಿಳಿದುಬರುತ್ತದೆ. ಇತ್ತ ದಾವಣಗೆರೆ ಬಹುಕಾಲ ಸಾಧಾರಣ ಗ್ರಾಮವಾಗಿದ್ದು, ಹೈದರಾಲಿಯು ಅದನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಬಳಿಕ ವರ್ತಕರಿಗೆ ಪ್ರೋತ್ಸಾಹ ದೊರೆತು ಪೇಟೆಯಾಗಿ ಬೆಳೆಯಿತು. ಧಾನ್ಯವೂ ಹತ್ತಿಯೂ ಈ ಊರಿನ ಸಿರಿಗೆ ಕಾರಣವಾದವು. ವರ್ತಕನ ಧಾನ್ಯಕ್ಕೂ ಹಾವಿಗೂ ಇರುವ ನಂಟನ್ನು ಮುಂದೆ ವಿಚಾರಿಸಬಹುದು.

ಜಿನಪರಂಪರೆಯಲ್ಲಿ ಸರ್ಪ

ಚತುರ್ವಿಂಶತಿ ತೀರ್ಥಂಕರರಲ್ಲಿ ಇಬ್ಬರ ಮಸ್ತಕದ ಮೇಲೆ ಸರ್ಪದ ಹೆಡೆ ಕಂಡುಬರುತ್ತದೆ. ಏಳನೆಯ ತೀರ್ಥಂಕರ ಸುಪಾರ್ಶ್ವನಾಥರ ಮೂರ್ತಿಗೆ ಸಾಮಾನ್ಯವಾಗಿ ಐದು ಹೆಡೆಗಳು, ಲಾಂಛನ ಸ್ವಸ್ತಿಕ. ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥರಿಗೆ ಸಾಮಾನ್ಯವಾಗಿ ಏಳು ಹೆಡೆಗಳು, ಲಾಂಛನವೂ ಸರ್ಪವೇ. ಬಸದಿಗೆ ಬರುವ ಮಕ್ಕಳಿಗೆ ಈ ಭೇದವನ್ನು ಹಿರಿಯರು ತಿಳಿಸಿಕೊಡುವುದು ಅವಶ್ಯಕ.

ಪಾರ್ಶ್ವಪ್ರಭುವಿನ ಚರಿತ್ರೆಯನ್ನು ಕೇಳದ ಶ್ರಾವಕರಿಲ್ಲ. 13ನೆಯ ಶತಮಾನದ ಆದಿಭಾಗದಲ್ಲಿ ಪಾರ್ಶ್ವಪಂಡಿತನು ಕನ್ನಡದಲ್ಲಿ ಪಾರ್ಶ್ವನಾಥಪುರಾಣವನ್ನು ರಚಿಸಿದನು. ರಾಜಕುಮಾರ ಪಾರ್ಶ್ವನು ವನವಿಹಾರಕ್ಕೆ ಹೋದಾಗ ತಾಪಸನೊಬ್ಬನು ಅಗ್ನಿಗಳ ನಡುವೆ ಕುಳಿತು ತಪಸ್ಸು ಮಾಡುತ್ತಿರುತ್ತಾನೆ. ಬೆಂಕಿಗಾಗಿ ಅವನು ಒಂದು ಕೊರಡನ್ನು ಸೀಳಲು ಕೊಡಲಿ ಎತ್ತುತ್ತಾನೆ. ಅದರೊಳಗೆ ಜೀವಗಳಿವೆ, ಬೇಡವೆಂದು ಕುಮಾರನು ತಡೆಯುತ್ತಾನೆ. ತಾಪಸನಿಗೆ ಸಿಟ್ಟು ಬರುತ್ತದೆ; ಬಾಲಕನೊಬ್ಬ ತನಗೆ ಬುದ್ಧಿ ಹೇಳುವುದೇ ಎಂದು ಕೊಡಲಿ ಬೀಸುತ್ತಾನೆ. ಕೊರಡಿನೊಳಗಿದ್ದ ಸರ್ಪದಂಪತಿಗಳು ತುಂಡಾಗಿ ಬೀಳುತ್ತವೆ. ಸಾಯುತ್ತಿರುವ ಆ ಜೀವಗಳ ಕಿವಿಯಲ್ಲಿ ಕುಮಾರನು ಧರ್ಮೋಪದೇಶ ಮಾಡುತ್ತಾನೆ; ಅವು ಶಾಂತಭಾವದಿಂದ ಪ್ರಾಣ ಬಿಟ್ಟು ಧರಣೇಂದ್ರ ಮತ್ತು ಪದ್ಮಾವತಿಯರಾಗಿ ಹುಟ್ಟುತ್ತವೆ. ಮುಂದೆ ಪಾರ್ಶ್ವಮುನಿಯು ಧ್ಯಾನಸ್ಥನಾಗಿರುವಾಗ ಪೂರ್ವಜನ್ಮದ ವೈರಿ ಕಮಠನ ಜೀವವು ಬಿರುಗಾಳಿ, ಕಲ್ಲುಮಳೆಗಳಿಂದ ಉಪಸರ್ಗ ಮಾಡಿದಾಗ ಧರಣೇಂದ್ರನು ಹೆಡೆಯೆತ್ತಿ, ಪದ್ಮಾವತಿಯು ಛತ್ರ ಹಿಡಿದು ಕಾಪಾಡುತ್ತಾರೆ.

ಈ ಕಥೆಯಲ್ಲಿ ಹೆಚ್ಚಾಗಿ ಹೇಳುವುದು ಧರಣೇಂದ್ರನ ಭಕ್ತಿಯನ್ನು. ಆದರೆ ಕೊರಡಿನ ಪ್ರಸಂಗದಲ್ಲಿ ಅಡಗಿರುವ ನೀತಿಯೂ ಅಷ್ಟೇ ಮುಖ್ಯವಾದುದು. ತಾಪಸನು ದುಷ್ಟನಾಗಿ ಹಾವುಗಳನ್ನು ಕೊಲ್ಲಲಿಲ್ಲ. ತಾನು ಪುಣ್ಯಕಾರ್ಯದಲ್ಲಿ ತೊಡಗಿದ್ದೇನೆಂದೇ ಭಾವಿಸಿದ್ದನು. ಅವನಲ್ಲಿ ಶ್ರದ್ಧೆಯಿತ್ತು, ದೇಹದಂಡನೆಯಿತ್ತು, ಇಲ್ಲದಿದ್ದುದು ತಿಳಿವು. ಕೊರಡಿನೊಳಗೆ ಜೀವವಿದೆಯೇ ಎಂದು ನೋಡುವ ತಾಳ್ಮೆ ಇರಲಿಲ್ಲ. ಹೇಳಿದವರ ಮಾತನ್ನು ಕೇಳುವ ವಿನಯವೂ ಇರಲಿಲ್ಲ. ತಿಳಿವಿಲ್ಲದ ಪೂಜೆ ಹಿಂಸೆಯಾಗಬಲ್ಲದೆಂಬುದೇ ಈ ಪ್ರಸಂಗದ ಸಾರ.

ಶ್ವೇತಾಂಬರ ಸಂಪ್ರದಾಯದಲ್ಲಿ ಭಗವಾನ್ ಮಹಾವೀರರ ಚರಿತ್ರೆಯೊಡನೆ ಬರುವ ಚಂಡಕೌಶಿಕನ ಕಥೆಯೂ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ತಿಳಿಸುತ್ತದೆ. ದಾರಿಹೋಕರನ್ನೆಲ್ಲ ಕೊಲ್ಲುತ್ತಿದ್ದ ಆ ಘೋರ ಸರ್ಪವು ಮಹಾವೀರರ ಪಾದವನ್ನು ಕಚ್ಚಿತು. ಅವರು ಸಿಟ್ಟಾಗದೆ ನಿಂತದ್ದನ್ನು ಕಂಡು ಅದಕ್ಕೆ ಪೂರ್ವಜನ್ಮದ ನೆನಪಾಗಿ, ಕೋಪವನ್ನು ತೊರೆದು, ತಲೆಯನ್ನು ಬಿಲದೊಳಗಿಟ್ಟು ನಿಶ್ಚಲವಾಗಿ ಮಲಗಿತು. ಮೊದಲು ಕಲ್ಲು ಹೊಡೆದ ಜನರು ಬಳಿಕ ಭಕ್ತಿಯಿಂದ ಅದರ ಮೈಮೇಲೆ ತುಪ್ಪ ಸುರಿದು ಪೂಜಿಸಿದರು. ಆ ತುಪ್ಪದ ವಾಸನೆಗೆ ಇರುವೆಗಳು ಮುತ್ತಿ ಸರ್ಪದ ಮೈಯನ್ನೆಲ್ಲ ಕಚ್ಚತೊಡಗಿದವು. ತಾನು ಹೊರಳಿದರೆ ಇರುವೆಗಳು ಸತ್ತಾವೆಂದು ಹಾವು ಅಲುಗಾಡದೆ ನೋವುಂಡು ಪ್ರಾಣ ಬಿಟ್ಟು ಸದ್ಗತಿ ಪಡೆಯಿತು. ಇಲ್ಲಿ ಅಹಿಂಸೆಯನ್ನು ಪಾಲಿಸಿದ್ದು ಹಾವು. ತಿಳಿಯದೆ ಹಿಂಸೆಗೆ ಕಾರಣರಾದವರು ಪೂಜೆ ಮಾಡಿದ ಮನುಷ್ಯರು.

ದಿಗಂಬರ ಪುರಾಣಗಳು ವರ್ಧಮಾನನ ಬಾಲ್ಯದ ಇನ್ನೊಂದು ಪ್ರಸಂಗವನ್ನು ಹೇಳುತ್ತವೆ. ಗೆಳೆಯರೊಡನೆ ಮರವೇರಿ ಆಡುತ್ತಿದ್ದಾಗ ಸಂಗಮನೆಂಬ ದೇವನು ಪರೀಕ್ಷೆಗಾಗಿ ಮಹಾಸರ್ಪದ ರೂಪದಲ್ಲಿ ಮರವನ್ನು ಸುತ್ತಿಕೊಂಡನು. ಮಿಕ್ಕ ಬಾಲಕರು ಓಡಿದರು. ವರ್ಧಮಾನನು ಮಾತ್ರ ಅಂಜದೆ ಅದರೊಡನೆ ಆಟವಾಡಿದನು. ಸಂಗಮನೇ ತಲೆಬಾಗಿ ಅವನನ್ನು ಮಹಾವೀರನೆಂದು ಕೊಂಡಾಡಿದನು. ಹಾವನ್ನು ಕೊಂದವನಿಗಲ್ಲ, ಹಾವಿನೆದುರು ಹೆದರದೆ ನಿಂತು ಅದಕ್ಕೆ ನೋವು ಮಾಡದೆ ಉಳಿದವನಿಗೆ ವೀರನೆಂಬ ಹೆಸರು ಬಂದಿತೆಂಬುದು ಗಮನಾರ್ಹ.

ಕನ್ನಡ ನಾಡಿನ ಶಿಲ್ಪಿಗಳು ಈ ಭಾವವನ್ನು ಕಲ್ಲಿನಲ್ಲಿ ಮೂಡಿಸಿದ್ದಾರೆ. ಚಾಲುಕ್ಯರ ಕಾಲದ ಬಾದಾಮಿಯ ಜೈನಗುಹೆಯಲ್ಲಿ ಪಾರ್ಶ್ವನಾಥ ಹಾಗೂ ಬಾಹುಬಲಿಯರ ಶಿಲ್ಪಗಳಿವೆ, ಎರಡರಲ್ಲಿಯೂ ಸರ್ಪವಿದೆ. ಗಂಗರಾಜನ ಸ್ಮರಣೆಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಶ್ರವಣಬೆಳಗೊಳದಲ್ಲಿ 1181ರ ಅಕ್ಕನ ಬಸದಿಯೂ ಪಾರ್ಶ್ವನಾಥರದೇ. ಹೊಂಬುಜದ ಪದ್ಮಾವತಿ ಅಮ್ಮನವರ ಸನ್ನಿಧಿಯಂತೂ ಸಾಂತರರ ಕಾಲದಿಂದ ಇಂದಿನವರೆಗೂ ಭಕ್ತರ ನೆಲೆ.

ಇವೆಲ್ಲಕ್ಕೂ ಕಳಶವೆಂಬಂತಿರುವುದು 981ರಲ್ಲಿ ಚಾವುಂಡರಾಯನು ನಿರ್ಮಿಸಿದ, 58 ಅಡಿ ಎತ್ತರದ ಗೊಮ್ಮಟೇಶ್ವರ. ವರ್ಷವೊಂದು ಅಲುಗಾಡದೆ ನಿಂತ ಯೋಗಿಯ ಕಾಲ ಬಳಿ ಹುತ್ತ ಬೆಳೆದಿದೆ. ಹುತ್ತದಿಂದ ಸರ್ಪಗಳು ತಲೆ ಹೊರಹಾಕಿವೆ. ತೊಡೆ ತೋಳುಗಳಿಗೆ ಮಾಧವೀ ಬಳ್ಳಿ ಹಬ್ಬಿದೆ. ಪೌದನಪುರದ ಬಾಹುಬಲಿ ಮೂರ್ತಿಯ ಸುತ್ತ ಕುಕ್ಕುಟಸರ್ಪಗಳು ತುಂಬಿಕೊಂಡಿದ್ದರಿಂದ ಅದಕ್ಕೆ ಕುಕ್ಕುಟೇಶ್ವರನೆಂಬ ಹೆಸರಾಯಿತೆಂಬ ಐತಿಹ್ಯವನ್ನು ಬೊಪ್ಪಣ ಕವಿಯ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮಹಾಮಸ್ತಕಾಭಿಷೇಕದ ಹಾಲು ಯೋಗಿಯ ಶಿರದಿಂದ ಇಳಿದು ಕಾಲ ಬಳಿಯ ಆ ಸರ್ಪಗಳನ್ನೂ ತೋಯಿಸುತ್ತದೆ. ಯೋಗಿಯು ಅವನ್ನು ಓಡಿಸಲಿಲ್ಲ, ಅವು ಯೋಗಿಯನ್ನು ಕಚ್ಚಲಿಲ್ಲ.

ಜಾನಪದದ ಹಾವು

ಪಂಚಮಿಯ ಹಿನ್ನೆಲೆಯಾಗಿ ಹಳ್ಳಿಗಳಲ್ಲಿ ಹೇಳುವ ಒಂದು ಕಥೆಯುಂಟು. ರೈತನೊಬ್ಬ ಹೊಲ ಉಳುವಾಗ ನೇಗಿಲ ಕುಳಕ್ಕೆ ಸಿಕ್ಕಿ ಹಾವಿನ ಮರಿಗಳು ಸಾಯುತ್ತವೆ. ತಾಯಿಹಾವು ಅವನ ಮನೆಮಂದಿಯನ್ನೆಲ್ಲ ಕಚ್ಚುತ್ತದೆ. ಉಳಿದ ಒಬ್ಬ ಮಗಳನ್ನು ಕಚ್ಚಲು ಅವಳ ಗಂಡನ ಮನೆಗೆ ಹೋದಾಗ ಅವಳು ನಾಗನನ್ನು ಪೂಜಿಸುತ್ತಿರುತ್ತಾಳೆ. ಹಾವು ಕರಗಿ, ಸತ್ತವರನ್ನೆಲ್ಲ ಬದುಕಿಸುತ್ತದೆ. ಹಾವಿಗೂ ಮಕ್ಕಳ ಮೇಲೆ ಮಮತೆಯಿದೆ, ನೆಲವನ್ನು ಉಳುವವನು ನೆಲದೊಳಗಿರುವವರನ್ನು ಮರೆಯಬಾರದು ಎಂಬುದು ಈ ಕಥೆಯ ತಿರುಳು. ಪಂಚಮಿಯಂದು ನೆಲ ಅಗೆಯದಿರುವ ಕಟ್ಟಳೆಗೂ ಇದೇ ಮೂಲವಾಗಿರಬಹುದು.

ತುಳುನಾಡಿನಲ್ಲಿ ಈ ಭಾವನೆ ಇನ್ನೂ ಗಟ್ಟಿಯಾಗಿ ಬೇರೂರಿದೆ. ಅಲ್ಲಿನ ನಾಗಬನಗಳಲ್ಲಿ ಮರ ಕಡಿಯುವುದು ನಿಷಿದ್ಧ. ಸುತ್ತಲಿನ ಕಾಡು ಅಳಿದರೂ ಆ ಚಿಕ್ಕ ಬನದಲ್ಲಿ ಹಳೆಯ ಮರಗಳು, ಬಳ್ಳಿಗಳು, ಹಕ್ಕಿಗಳು, ಹಾವುಗಳು ಉಳಿದುಕೊಂಡು ಬಂದವು. ಇತ್ತೀಚೆಗೆ ಹಲವೆಡೆ ಬನದ ಮರ ತೆಗೆದು ಸಿಮೆಂಟಿನ ಕಟ್ಟೆ ಕಟ್ಟಿ ಅದರ ಮೇಲೆ ಕಲ್ಲುಗಳನ್ನು ಕೂರಿಸುವ ರೂಢಿ ಬಂದಿದೆ. ಕಲ್ಲುಗಳಿಗೆ ನೆಲೆಯಾಯಿತು, ಆದರೆ ಯಾವ ಜೀವದ ಹೆಸರಿನಲ್ಲಿ ಬನವನ್ನು ಮೀಸಲಿಟ್ಟರೋ ಆ ಜೀವಕ್ಕೆ ನೆಲೆ ತಪ್ಪಿತು.

ಜಾನಪದದ ನಂಬಿಕೆಗಳಲ್ಲಿ ಹಿತವಾದವೂ ಇವೆ, ಹಾವಿನ ಪ್ರಾಣಕ್ಕೆ ಮುಳುವಾದವೂ ಇವೆ. ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆಂದು ಹೇಳುತ್ತಾರೆ. ಗಾಯಗೊಂಡ ಹಾವನ್ನು ಬಿಟ್ಟರೆ ಹುಡುಕಿಕೊಂಡು ಬರುವುದೆಂದು ಬೆನ್ನಟ್ಟಿ ಕೊಲ್ಲುವುದಕ್ಕೆ ಈ ನಂಬಿಕೆಯೇ ಕಾರಣ. ಮನುಷ್ಯನ ಮುಖವನ್ನು ನೆನಪಿಟ್ಟುಕೊಂಡು ಹಗೆ ತೀರಿಸುವ ಶಕ್ತಿ ಹಾವಿಗಿಲ್ಲ. ಕೇರೆಹಾವು ನಾಗರಹಾವಿನ ಗಂಡೆಂದು ತಿಳಿದು ಅದನ್ನು ಕೊಲ್ಲುವವರಿದ್ದಾರೆ. ಅವೆರಡೂ ಬೇರೆ ಬೇರೆ ಜಾತಿಗಳು. ಎರಡು ಕೇರೆಗಳು ಹೆಣೆದುಕೊಂಡು ಎದ್ದು ನಿಲ್ಲುವುದನ್ನು ಕೂಟವೆಂದು ಭಾವಿಸಿ ಬಟ್ಟೆ ಎಸೆಯುವ ರೂಢಿಯೂ ಇದೆ. ಅದು ಬಹುಮಟ್ಟಿಗೆ ಎರಡು ಗಂಡು ಹಾವುಗಳ ಬಲಪರೀಕ್ಷೆ. ಹೆಡೆಯಲ್ಲಿ ನಾಗಮಣಿ ಇರುವುದಿಲ್ಲ. ಮಣ್ಣುಮುಕ್ಕ ಹಾವಿಗೆ ಎರಡು ತಲೆಗಳಿಲ್ಲ. ಅದರ ಮೊಂಡು ಬಾಲ ತಲೆಯಂತೆ ಕಾಣುತ್ತದೆ, ಅಷ್ಟೆ. ಐಶ್ವರ್ಯ ತರುತ್ತದೆಂಬ ಆಸೆ ತೋರಿಸಿ ಅದನ್ನು ಗುಟ್ಟಾಗಿ ಮಾರುವ ದಂಧೆಯಿಂದ ಆ ಬಡ ಜೀವಿಗೆ ಕುತ್ತು ಬಂದಿದೆ.

ಹಾವು ಹಾಲು ಕುಡಿಯುತ್ತದೆಂಬ ನಂಬಿಕೆಯು ಎಲ್ಲಕ್ಕಿಂತ ಹರಡಿದ್ದು. ಹಾವು ಮಾಂಸಾಹಾರಿ, ಹಾಲು ಅದರ ಆಹಾರವಲ್ಲ. ಹಬ್ಬಕ್ಕೆ ಹಲವು ದಿನ ಮೊದಲೇ ಹಾವನ್ನು ಹಿಡಿದು, ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿ ಹೊಲಿದು, ನೀರು ಕೊಡದೆ ಬುಟ್ಟಿಯಲ್ಲಿ ಬಳಲಿಸಿದಾಗ ಅದು ಬಾಯಾರಿಕೆಯಿಂದ ಹಾಲಿಗೂ ಬಾಯಿಡುತ್ತದೆ. ಆ ಹಾಲು ಶ್ವಾಸಕೋಶವನ್ನು ಸೇರಿ ಹಾವು ನರಳಿ ಸಾಯುವುದುಂಟು. ಪುಂಗಿಯ ನಾದಕ್ಕೆ ಅದು ತಲೆದೂಗುವುದಿಲ್ಲ; ತನ್ನೆದುರು ಅಲುಗಾಡುವ ಪುಂಗಿಯನ್ನು ಅಪಾಯವೆಂದು ಕಾಣುತ್ತ ಅದರ ಚಲನೆಯನ್ನೇ ಅನುಸರಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹಾವುಗಳನ್ನು ಹಿಡಿಯುವುದು, ಆಡಿಸುವುದು, ಕೊಲ್ಲುವುದು ಶಿಕ್ಷಾರ್ಹ. ಹಾವಾಡಿಗರ ಕುಟುಂಬಗಳ ಹೊಟ್ಟೆಪಾಡಿನ ಪ್ರಶ್ನೆಯೂ ಇದರೊಡನೆ ಇದೆಯೆಂಬುದನ್ನು ಮರೆಯಬಾರದು. ಅವರಿಗೆ ಬೇರೆ ಜೀವನೋಪಾಯ ಒದಗಿಸುವುದೂ ದಯೆಯ ಕೆಲಸವೇ. ಬುಟ್ಟಿಯ ಹಾವಿಗೆ ಕೊಟ್ಟ ದಕ್ಷಿಣೆ ಮಾತ್ರ ಮುಂದಿನ ವರ್ಷ ಇನ್ನೊಂದು ಹಾವನ್ನು ಬುಟ್ಟಿಗೆ ತುಂಬುತ್ತದೆ.

ಗದ್ದೆ, ಗೋದಾಮು ಮತ್ತು ಹಾವು

ಭದ್ರಾ ಜಲಾಶಯದ ನಾಲೆಯ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳಿಗೆ ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಅಕ್ಕಿ ಗಿರಣಿಗಳೂ ಮಂಡಕ್ಕಿ ಭಟ್ಟಿಗಳೂ ಊರಿನ ಗುರುತಾದವು. ಮಳೆಯಾಶ್ರಿತ ಭೂಮಿಯಲ್ಲಿ ಮೆಕ್ಕೆಜೋಳ ಹಬ್ಬಿತು. ಹಿಂದೆ ಹಗೇವುಗಳಲ್ಲಿ ಜೋಳವನ್ನು ತುಂಬಿ ಮಣ್ಣು ಮುಚ್ಚುತ್ತಿದ್ದ ರೈತರು ಈಗ ಚೀಲದಲ್ಲಿ ತುಂಬಿ ಮಂಡಿಗೆ ತರುತ್ತಾರೆ. ಧಾನ್ಯವಿದ್ದಲ್ಲಿ ಇಲಿ ಹೆಗ್ಗಣಗಳು ತಪ್ಪಿದ್ದಲ್ಲ. ಒಂದು ಇಲಿ ಪ್ರತಿದಿನ ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕಾಳು ತಿನ್ನುತ್ತದೆ. ತಿಂದದ್ದಕ್ಕಿಂತ ಕೆಡಿಸುವುದೇ ಹೆಚ್ಚು. ಮೂರು ವಾರಗಳ ಬಸಿರಿನ ಬಳಿಕ ಒಂದು ಸೂಲಿಗೆ ಆರರಿಂದ ಹತ್ತು ಮರಿ ಹಾಕುತ್ತದೆ. ಆ ಮರಿಗಳು ಕೆಲವೇ ತಿಂಗಳಲ್ಲಿ ತಾವೂ ಮರಿ ಹಾಕುತ್ತವೆ. 1898ರಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನವನ್ನು ನಡುಗಿಸಿದ ಪ್ಲೇಗಿಗೂ, ಇಂದಿನ ಇಲಿಜ್ವರಕ್ಕೂ ಇಲಿಗಳೊಡನೆ ಸಂಬಂಧವಿದೆ.

ಗೂಬೆ, ಗಿಡುಗಗಳು ಬಯಲಿಗೆ ಬಂದ ಇಲಿಯನ್ನು ಹಿಡಿಯಬಲ್ಲವು. ಬದುವಿನ ಬಿಲದೊಳಗೆ ನುಗ್ಗಿ ಹಿಡಿಯಬಲ್ಲದ್ದು ಹಾವು. ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿದ್ದು ಅವುಗಳಲ್ಲಿ ವಿಷಪೂರಿತವಾದವು ಸುಮಾರು 60 ಮಾತ್ರ. ಕೇರೆ, ನೀರೊಳ್ಳೆ, ಹಸಿರುಹಾವು, ಮಣ್ಣುಮುಕ್ಕ ಮೊದಲಾದವುಗಳಿಂದ ಮನುಷ್ಯನಿಗೆ ಪ್ರಾಣಭಯವಿಲ್ಲ. ಹಾವು ತಾನೂ ಹದ್ದು, ನವಿಲು, ಮುಂಗುಸಿಗಳಿಗೆ ಆಹಾರವಾಗುತ್ತದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರುತ್ತದೆಂದು ಗಾದೆ ಮಾಡಿದ ಹಿರಿಯರು ಒಂದು ಜೀವದ ದುಡಿಮೆ ಇನ್ನೊಂದಕ್ಕೆ ಆಸರೆಯಾಗುವುದನ್ನು ಕಣ್ಣಾರೆ ಕಂಡವರು. ಜೀವಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥಸೂತ್ರ ಬೋಧಿಸುವುದೂ ಈ ಅರಿವಿಗೆ ಹೊಂದಿಕೆಯಾಗಿದೆ.

ಇಲ್ಲಿ ಶ್ರಾವಕನ ಮನಸ್ಸಿನಲ್ಲಿ ಒಂದು ಶಂಕೆ ಏಳುವುದು ಸಹಜ. ಇಲಿಯೂ ಜೀವವಲ್ಲವೇ? ಇಲಿಯನ್ನು ತಿನ್ನುತ್ತದೆಂಬ ಕಾರಣಕ್ಕೆ ಹಾವನ್ನು ಹೊಗಳುವುದು ಅಹಿಂಸಾಧರ್ಮಕ್ಕೆ ಒಪ್ಪುವುದೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹಾವು ತನ್ನ ಪ್ರಕೃತಿಗೆ ತಕ್ಕಂತೆ, ಹಸಿದಾಗ ಮಾತ್ರ ಬೇಟೆಯಾಡುತ್ತದೆ. ಆ ಬೇಟೆಯನ್ನು ಮೆಚ್ಚಬೇಕೆಂದು ಧರ್ಮ ಹೇಳುವುದಿಲ್ಲ. ಅದರ ನಡುವೆ ಕೈ ಹಾಕಿ ಹಾವನ್ನು ಕೊಲ್ಲುವ ಅಧಿಕಾರ ಮನುಷ್ಯನಿಗೆ ಇಲ್ಲವೆಂದು ಮಾತ್ರ ತಿಳಿಸುತ್ತದೆ. ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಅಡುಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಸಂಭವಿಸುವ ಹಿಂಸೆಯನ್ನು ಗೃಹಸ್ಥನು ಆದಷ್ಟು ಕಡಿಮೆ ಮಾಡಬೇಕು. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಓಡಿಹೋಗುತ್ತಿರುವ ಕೇರೆಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ಆತ್ಮರಕ್ಷಣೆಯಲ್ಲ. ಮೇಲಾಗಿ ಹಾವಿಲ್ಲದ ಗದ್ದೆಯಲ್ಲಿ ಇಲಿ ಹೆಚ್ಚಿದಾಗ ಮನುಷ್ಯನು ವಿಷದ ಮೊರೆ ಹೋಗುತ್ತಾನೆ. ಆ ವಿಷವು ಇಲಿಗಳನ್ನಷ್ಟೇ ಅಲ್ಲದೆ ಅವನ್ನು ತಿಂದ ಗೂಬೆ, ಬೆಕ್ಕುಗಳನ್ನೂ ಕೊಲ್ಲುತ್ತದೆ. ಜೈನ ಆಗಮಗಳು ಎದೆಯಿಂದ ಹರಿದಾಡುವ ಸರ್ಪವನ್ನು ಉರಃಪರಿಸರ್ಪವೆಂದು ಹೆಸರಿಸಿ ಪಂಚೇಂದ್ರಿಯ ಜೀವಿಗಳಲ್ಲಿ ಎಣಿಸಿವೆ. ಐದು ಇಂದ್ರಿಯಗಳುಳ್ಳ ಜೀವಕ್ಕೆ ದೊಣ್ಣೆಯ ಪೆಟ್ಟಿನ ನೋವು ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಯಕ್ಕೆ ಮದ್ದು

ಹಾವಿನ ಭಯ ಸುಳ್ಳೆಂದು ಯಾರೂ ಹೇಳಲಾರರು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿತದಿಂದ ಸತ್ತಿದ್ದಾರೆ. ವರ್ಷಕ್ಕೆ ಸರಾಸರಿ 58,000 ಜನ. ಅವರಲ್ಲಿ ಬಹುಪಾಲು ಹಳ್ಳಿಗರು. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದು ಪಟ್ಟಣಗಳಿಗೆ ಅನ್ನ ಕೊಡುವ ಜನ ಇವರು. ಹಾವಿನ ಮೇಲಿನ ದಯೆಯು ಇವರ ಮೇಲಿನ ದಯೆಯನ್ನು ಮರೆತರೆ ಅದು ಅರೆಬರೆಯಾಗುತ್ತದೆ.

ಈ ಎರಡು ದಯೆಗಳನ್ನೂ ಕೂಡಿಸುವುದು ತಿಳಿವು. ಕನ್ನಡದಲ್ಲಿ ಈ ತಿಳಿವಿಗೆ ಅಡಿಪಾಯ ಹಾಕಿದವರಲ್ಲಿ ಜೈನ ಕವಿಯೊಬ್ಬನಿದ್ದಾನೆಂಬುದು ಅಭಿಮಾನದ ವಿಷಯ. 14ನೆಯ ಶತಮಾನದ ಮಂಗರಾಜನು ರಚಿಸಿದ ಖಗೇಂದ್ರಮಣಿದರ್ಪಣವು ವಿಷವೈದ್ಯವನ್ನು ಕುರಿತ ಗ್ರಂಥ. ಸ್ಥಾವರ ಮತ್ತು ಜಂಗಮ ವಿಷಗಳನ್ನು ವಿಂಗಡಿಸಿ, ಹಾವಿನ ಬಗೆಗಳನ್ನೂ ಕಚ್ಚಿದಾಗ ತೋರುವ ಲಕ್ಷಣಗಳನ್ನೂ ಚಿಕಿತ್ಸೆಗಳನ್ನೂ ಅದು ವಿವರಿಸುತ್ತದೆ. ಅಂದಿನ ಮದ್ದುಗಳನ್ನು ಇಂದು ಬಳಸಬೇಕೆಂದು ಇದರ ಅರ್ಥವಲ್ಲ. ವಿಷಕ್ಕೆ ಹೆದರಿ ಕೊಲ್ಲುವ ಬದಲು ವಿಷವನ್ನು ಅರಿತು ಮನುಷ್ಯನನ್ನು ಉಳಿಸಬೇಕೆಂಬ ಅವನ ದಾರಿಯೇ ಅನುಕರಣೀಯ.

ಇಂದು ಆ ದಾರಿ ಬಹುದೂರ ಸಾಗಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳಿಂದಲೇ ದೇಶದ ಹೆಚ್ಚಿನ ಸಾವುಗಳು ಸಂಭವಿಸುತ್ತವೆ. ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ದೊರೆಯುತ್ತದೆ. ಅದನ್ನು ತಯಾರಿಸಲು ಹಾವಿನ ವಿಷವೇ ಬೇಕು. ತಮಿಳುನಾಡಿನಲ್ಲಿ ಇರುಳ ಜನಾಂಗದವರು 1978ರಲ್ಲಿ ಸ್ಥಾಪಿಸಿದ ಸಹಕಾರ ಸಂಘವು ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಅವನ್ನು ಕಾಡಿಗೆ ಬಿಡುತ್ತದೆ. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಕೈಗಳೇ ಈಗ ಪ್ರಾಣರಕ್ಷಣೆಗೆ ನೆರವಾಗಿವೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು.

ಹಾವು ಕಚ್ಚಿದಾಗ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯುವುದು ಇವೆಲ್ಲವೂ ಕೇಡು. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಕಚ್ಚಿದ ಅಂಗವನ್ನು ಅಲುಗಾಡದಂತಿರಿಸಿ, 108 ವಾಹನದಲ್ಲಾಗಲಿ ಬೇರೆ ಯಾವುದರಲ್ಲಾಗಲಿ ಕೂಡಲೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ. ಗೋದಾಮಿನಲ್ಲಿ ಚೀಲಗಳನ್ನು ಹಲಗೆಗಳ ಮೇಲೆ, ಗೋಡೆಯಿಂದ ದೂರವಿರಿಸಿ, ಬಿಲಗಳನ್ನು ಮುಚ್ಚಿ, ಚೆಲ್ಲಿದ ಕಾಳನ್ನು ಗುಡಿಸಿ ಚೊಕ್ಕಟವಾಗಿಟ್ಟರೆ ಇಲಿಗಳೂ ಬರವು, ಅವನ್ನು ಅರಸಿ ಹಾವೂ ಬಾರದು. ರಾತ್ರಿ ಹೊತ್ತು ದೀಪ ಹಿಡಿದು ನಡೆಯಬೇಕು. ಗದ್ದೆಗೆ ಕಾಲ್ಮುಚ್ಚುವ ಬೂಟು ಧರಿಸಿ ಹೋಗಬೇಕು. ಹಾವು ಒಳಗೆ ಬಂದಿದ್ದರೆ ದೂರದಿಂದ ಅದರ ಮೇಲೆ ಕಣ್ಣಿಟ್ಟು ಅರಣ್ಯ ಇಲಾಖೆಗೋ ತರಬೇತಿ ಪಡೆದ ಉರಗರಕ್ಷಕರಿಗೋ ತಿಳಿಸಬೇಕು. ಪಂಚಮಿಯ ಹಾಲನ್ನು ಹುತ್ತಕ್ಕೆ ಸುರಿಯುವ ಬದಲು ಮಕ್ಕಳಿಗೆ, ರೋಗಿಗಳಿಗೆ ಕುಡಿಸುವ ಪರಿಪಾಠ ಈಗ ಹಲವೆಡೆ ನಡೆದಿದೆ. ಹೊಲದ ದುಡಿಮೆಗಾರರಿಗೆ ಬೂಟು, ಬ್ಯಾಟರಿ ದೀಪಗಳನ್ನು ಹಂಚಲು ಅನುಕೂಲಸ್ಥರು ಮುಂದಾದರೆ ಅದು ಅಭಯದಾನವೇ ಆಗುತ್ತದೆ. ಮನುಷ್ಯನಿಗೂ ಅಭಯ, ಹಾವಿಗೂ ಅಭಯ.

ಬಸದಿಗಳಲ್ಲಿ ಪ್ರತಿಷ್ಠಾ ಮಹೋತ್ಸವಗಳು ನಡೆಯುವಾಗ ಮೂರ್ತಿಗೆ ಮಂತ್ರಪೂರ್ವಕವಾಗಿ ಸಂಸ್ಕಾರ ನಡೆಯುತ್ತದೆ. ಅದುವರೆಗೆ ಶಿಲೆಯಾಗಿದ್ದುದು ಅಂದಿನಿಂದ ಪೂಜ್ಯವಾಗುತ್ತದೆ. ಶಿಲೆಯ ಹೆಡೆಯನ್ನು ಪೂಜ್ಯವೆಂದು ಕಾಣಬಲ್ಲ ಕಣ್ಣಿಗೆ, ಗೋಡೆಯ ಸಂದಿನಲ್ಲಿ ಅಂಜಿ ಮುದುಡಿಕೊಂಡಿರುವ ಜೀವದ ಹೆಡೆಯನ್ನು ಕಾಣುವುದು ಕಷ್ಟವಾಗಬಾರದು. ಪಾರ್ಶ್ವಕುಮಾರನು ಕೊರಡಿನ ಒಳಗಿದ್ದ ಜೀವಗಳನ್ನು ತನ್ನ ಜ್ಞಾನದಿಂದ ಕಂಡನು. ಆ ಜ್ಞಾನ ಎಲ್ಲರಿಗೂ ಲಭ್ಯವಲ್ಲ. ಆದರೆ ಕೊಡಲಿಯನ್ನು ಎತ್ತುವ ಮುನ್ನ ಒಂದು ಗಳಿಗೆ ನಿಂತು ನೋಡುವುದು ಎಲ್ಲರಿಂದಲೂ ಸಾಧ್ಯ. ಅಂದು ತಾಪಸನು ಅಷ್ಟು ಮಾಡಿದ್ದರೆ ಆ ಎರಡು ಜೀವಗಳು ಉಳಿಯುತ್ತಿದ್ದವು.